ನಿಮಗಿದು ಗೊತ್ತೆ? ತುಕ್ಕು ಹಿಡಿಯುವುದು ಕ್ರೋಮ್ ಅಲ್ಲ!

ಬೈಕಿನ ಹ್ಯಾಂಡಲ್, ಸೈಲೆನ್ಸರ್ ಮೇಲೆ ಏಳುವ ಕಂದು ಚುಕ್ಕೆ ಕ್ರೋಮ್‌ನದಲ್ಲ, ಅದರಡಿಯ ಉಕ್ಕಿನದು. ಹೊಳೆಯುವ ಕ್ರೋಮ್ ಪದರದ ದಪ್ಪ ಸಾಮಾನ್ಯವಾಗಿ 1 ಮೈಕ್ರಾನ್‌ಗೂ ಕಡಿಮೆ. ಅದರ ಸೂಕ್ಷ್ಮ ಬಿರುಕುಗಳ ಮೂಲಕ, ಕೆಳಗಿನ ನಿಕಲ್ ಲೇಪವೂ ಸೋತ ಕಡೆ, ನೀರು ಉಕ್ಕನ್ನು ಮುಟ್ಟುತ್ತದೆ. ಹಾಗಾಗಿ ಪದರ ಉಳಿಸಿಕೊಂಡು ತುಕ್ಕನ್ನಷ್ಟೇ ತೆಗೆಯಬೇಕು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅದು ಕ್ರೋಮ್‌ಗಿಂತ ಬಹಳ ಮೆದು, ಗೀರು ಬೀಳುವ ಭಯ ಕಡಿಮೆ. ಎಮರಿ ಪೇಪರ್‌ನಿಂದ ಕೆಲಸ ಬೇಗ ಮುಗಿಯುತ್ತದಲ್ಲ ಎನ್ನಬಹುದು. ಮುಗಿಯುತ್ತದೆ, ಆದರೆ ತುಕ್ಕಿನ ಜೊತೆ ಕ್ರೋಮ್ ಕೂಡ ಹೋಗುತ್ತದೆ. ಬಳಿಕ ತೊಳೆದು, ಪೂರ್ತಿ ಒಣಗಿಸಿ ವ್ಯಾಕ್ಸ್ ಹಚ್ಚದಿದ್ದರೆ ಅದೇ ಬಿರುಕಿನಲ್ಲಿ ತುಕ್ಕು ಮರಳುತ್ತದೆ. ಪದರವೇ ಎದ್ದುಬಂದಿದ್ದರೆ ಪ್ಲೇಟಿಂಗ್ ಮಾಡುವವರಿಗೆ ಕೊಡಿ. ಕ್ರೋಮ್ ಲೇಪನಕ್ಕೆ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಮನೆಯಲ್ಲಿ ಅದರ ಪ್ರಯೋಗ ಖಂಡಿತ ಬೇಡ.