ಹೊಸ ಟಿ.ವಿ. ಬಂತು, ಹಳೇ ಸೆಟ್ಟು ಮೂಕವಾಯ್ತು!

ದೊಡ್ಡಬಳ್ಳಾಪುರದ ಪವರ್‌ಲೂಮ್ ಮನೆಗಳಲ್ಲಿ ಮಗ್ಗದ ಸದ್ದಿನ ನಡುವೆ ಟಿ.ವಿ. ಮಾತು ಕೇಳಿಸಬೇಕಾದರೆ ಅದರ ಹೊಟ್ಟೆಯೊಳಗಿನ ಪುಟಾಣಿ ಸ್ಪೀಕರು ಎಲ್ಲಿಗೆ ಸಾಕು? ಹೀಗಾಗಿ ಈ ಊರಲ್ಲಿ ಹೋಂ ಥಿಯೇಟರ್ ಬರೀ ಷೋಕಿಯಲ್ಲ. ಐದು ಸ್ಪೀಕರು, ಒಂದು ಸಬ್‌ವೂಫರು, ಜನರ ಬಾಯಲ್ಲಿ 'ಫೈವ್ ಪಾಯಿಂಟ್ ಒನ್'. ಕಂತು ಕಟ್ಟಿ ತಂದ ಸೆಟ್ಟು.

ತೊಂದರೆ ಶುರುವಾಗುವುದು ಹಳೇ ಡಬ್ಬ ಟಿ.ವಿ. ಹೋಗಿ ಗೋಡೆಗೆ ನೇತುಹಾಕುವ ಟಿ.ವಿ. ಬಂದ ದಿನ. ಚಿತ್ರ ಬರುತ್ತದೆ, ಸೆಟ್ಟಿನಲ್ಲಿ ಮಾತ್ರ ಉಸಿರಿಲ್ಲ. ಅಂಗಡಿಗೆ ಹೋಗಿ ಕೇಳಿದರೆ 'ಹಳೇದು ಇದಕ್ಕೆ ಕೂಡಲ್ಲ ಬಿಡಿ, ಹೊಸದು ತಗೊಳ್ಳಿ' ಎಂಬ ಉತ್ತರ. ಸಾವಿರಾರು ರೂಪಾಯಿಯ ಸೆಟ್ಟು ಅಟ್ಟ ಸೇರುತ್ತದೆ, ಇಲ್ಲವೇ ಗುಜರಿಗೆ.

ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾದಾಗ ಮನೆ ಮೇಲೊಂದು ಆಂಟೆನಾ, ಕೆಳಗಿಳಿಯುವ ಒಂದೇ ವೈರು, ಅಷ್ಟೇ. ಆಮೇಲೆ ವಿ.ಸಿ.ಆರ್., ಡಿ.ವಿ.ಡಿ. ಬಂದವು, ಜೊತೆಗೆ ಹಳದಿ, ಕೆಂಪು, ಬಿಳಿ ವೈರೂ ಬಂತು. ಹಳದಿಯಲ್ಲಿ ಚಿತ್ರ, ಕೆಂಪಿನಲ್ಲಿ ಬಲಗಡೆಯ ಸದ್ದು, ಬಿಳಿಯಲ್ಲಿ ಎಡಗಡೆಯದು. ಹೊಸ ಟಿ.ವಿ. ಹಿಂದೆಯೂ ಈ ಬಣ್ಣದ ತೂತುಗಳು ಇರಬಹುದು. ಆದರೆ ಅವು ಸಾಮಾನ್ಯವಾಗಿ ಸದ್ದು ಒಳಗೆ ಹೋಗುವ ಬಾಗಿಲು, ಹೊರಗೆ ಬರುವುದಲ್ಲ! ಅಲ್ಲಿಗೆ ವೈರು ಚುಚ್ಚಿ ರಿಮೋಟ್ ಒತ್ತುತ್ತಾ ಕೂತರೆ ಬೆಳಗಾದೀತೇ ಹೊರತು ಸದ್ದು ಬಾರದು.

ಹೊರಗೆ ಬರುವ ಬಾಗಿಲುಗಳು ಬೇರೆ. ಇಯರ್‌ಫೋನ್ ತೂತಿದ್ದರೆ ಕೆಲಸ ಸುಲಭ. ಒಂದು ತುದಿ ಇಯರ್‌ಫೋನ್ ಪಿನ್ನು, ಇನ್ನೊಂದು ತುದಿ ಕೆಂಪು-ಬಿಳಿ ಇರುವ ವೈರು ಸಾಕು. ಅದಿಲ್ಲದಿದ್ದರೆ ಬೆಳಕಿನಲ್ಲಿ ಸದ್ದು ಕಳಿಸುವ ಆಪ್ಟಿಕಲ್ ತೂತು ಇದೆಯೇ ನೋಡಬೇಕು. ಅದರ ಸದ್ದನ್ನು ಕೆಂಪು-ಬಿಳಿಗೆ ಇಳಿಸುವ ಪುಟ್ಟ ಡಬ್ಬಿ, ಕನ್ವರ್ಟರ್, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ತಂದು ಜೋಡಿಸಿದ ಮೇಲೂ ಸದ್ದಿಲ್ಲವೇ? ಟಿ.ವಿ.ಯ ಸೌಂಡ್ ಸೆಟ್ಟಿಂಗಿನಲ್ಲಿ 'ಪಿ.ಸಿ.ಎಂ.' ಆರಿಸಬೇಕು. ಅಗ್ಗದ ಡಬ್ಬಿಗೆ ಡಾಲ್ಬಿ ಭಾಷೆ ತಿಳಿಯದು. ಇಷ್ಟಕ್ಕೇ ಎಷ್ಟೋ ಡಬ್ಬಿಗಳು ಅಂಗಡಿಗೆ ವಾಪಸು ಹೋಗಿವೆ, ಪಾಪ.

ಒಂದು ಮಾತು ಮೊದಲೇ ತಿಳಿದಿರಲಿ. ಕೆಂಪು-ಬಿಳಿಯಲ್ಲಿ ಬರುವುದು ಎರಡೇ ದಾರಿಯ ಸದ್ದು. ಹಿಂದಿನ ಸ್ಪೀಕರುಗಳಿಗೆ ಬೇರೆ ಸದ್ದು ಸಿಗುವುದಿಲ್ಲ. ಹೊಸ ಸೆಟ್ಟು ಕೊಳ್ಳುವವರು ಎ.ಆರ್.ಸಿ. ಇರುವುದನ್ನೇ ಕೇಳಬೇಕು, ಟಿ.ವಿ.ಯಲ್ಲೂ ಆ ಹೆಸರು ಬರೆದಿರುವ ಎಚ್.ಡಿ.ಎಂ.ಐ. ತೂತಿಗೇ ಹಾಕಬೇಕು. ಪಕ್ಕದ್ದಕ್ಕೆ ಹಾಕಿದರೆ ಅದೇ ಹಳೇ ರಾಗ.

ಸದ್ದಿನ ಕಥೆ ಹಾಗಿರಲಿ, ಜೀವದ ಕಥೆಯೂ ಇದೆ. ಸೆಟ್ಟು 'ಗುಂಯ್' ಎಂದರೆ, ವೈರಿನ ಲೋಹದ ತುದಿ ಮುಟ್ಟಿದಾಗ ಕೈ ಜುಮ್ಮೆಂದರೆ ಅದನ್ನು ಹಗುರವಾಗಿ ಕಾಣಬಾರದು. ಮನೆಯ ಅರ್ತಿಂಗ್ ಸರಿಯಿಲ್ಲದೆ ಹೀಗಾಗಬಹುದು. ಮೂರು ಕಾಲಿನ ಪ್ಲಗ್ಗಿನ ಒಂದು ಕಾಲು ಮುರಿದು ಎರಡು ತೂತಿಗೆ ತುರುಕುವವರೂ ಇದ್ದಾರೆ! ಇನ್ನು ಏಪ್ರಿಲ್-ಮೇ ತಿಂಗಳ ಗುಡುಗು ಮಳೆ. ಕೇಬಲ್ ವೈರು ಕಂಬದಿಂದ ಕಂಬಕ್ಕೆ ಹಾದು ಮನೆಗೆ ಬರುವುದರಿಂದ ದೂರದಲ್ಲೆಲ್ಲೋ ಬಿದ್ದ ಸಿಡಿಲಿನ ಏಟೂ ಅದರೊಳಗೆ ನುಗ್ಗಿ ಬರಬಹುದು: ಮೊದಲು ಸೆಟ್‌ಟಾಪ್ ಬಾಕ್ಸು, ಆಮೇಲೆ ಟಿ.ವಿ., ಕೊನೆಗೆ ಹೋಂ ಥಿಯೇಟರ್. ಸ್ವಿಚ್ ಆರಿಸಿದರೆ ಸಾಲದು. ಮೋಡ ಕಟ್ಟುತ್ತಿದ್ದಂತೆಯೇ ಪ್ಲಗ್ಗನ್ನೂ ಕೇಬಲ್ ವೈರನ್ನೂ ಕಿತ್ತಿಡಬೇಕು. ಗುಡುಗು ಶುರುವಾದ ಮೇಲೆ ವೈರಿಗೆ ಕೈ ಹಾಕುವುದು ಬೇಡ.