ಗೋಡೆ, ಬಿಸಿಲು, ಬಿಸಿನೀರು

ಮನೆ ಕಟ್ಟಿಸುವವರು ಗೋಡೆಯ ಸಾಮಗ್ರಿಯನ್ನು ಹೆಚ್ಚಾಗಿ ಮೇಸ್ತ್ರಿ ಹೇಳಿದ ದರ ನೋಡಿ ಆರಿಸುತ್ತಾರೆ. ಬಿಸಿನೀರಿನ ವಿಚಾರ ನೆನಪಾಗುವುದು ಬಚ್ಚಲಿಗೆ ಟೈಲ್ಸ್ ಅಂಟಿಸಿದ ಮೇಲೆ. ಕರ್ನಾಟಕದ ಬಹುತೇಕ ಕಡೆ ಕೋಣೆ ಬೆಚ್ಚಗಿಡಲು ಯಂತ್ರ ಬೇಕಿಲ್ಲ, ನಮ್ಮಲ್ಲಿ ಶಾಖಕ್ಕೆಂದು ಆಗುವ ದೊಡ್ಡ ಖರ್ಚು ಸ್ನಾನದ ನೀರಿನದೇ. ಬೇಸಿಗೆಯಲ್ಲಿ ಬೇಡದ ಶಾಖ ಗೋಡೆ, ತಾರಸಿ, ಕಿಟಕಿಗಳಿಂದ ಒಳಗೆ ಬರುತ್ತದೆ. ಇವೆರಡೂ ನಕ್ಷೆ ಬರೆಯುವಾಗಲೇ ತೀರ್ಮಾನವಾಗಬೇಕು. ಅದಕ್ಕೆ ಅಡ್ಡಬರುವ ಕೆಲವು ನಂಬಿಕೆಗಳು ಇಲ್ಲಿವೆ.

“ಗೋಡೆ ದಪ್ಪವಿದ್ದರೆ ಎಲ್ಲಿ ಕಟ್ಟಿದರೂ ಮನೆ ತಂಪು.”

ರಾಯಚೂರು, ವಿಜಯಪುರದ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಹೀಗನ್ನಿಸುವುದು ಸಹಜ. ಅಲ್ಲಿ ಹಗಲು ಸುಡುತ್ತದೆ, ರಾತ್ರಿ ಇಳಿಯುತ್ತದೆ. ಮಣ್ಣು, ಕಲ್ಲಿನ ದಪ್ಪ ಗೋಡೆ ಹಗಲಿನ ಶಾಖವನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ, ಅದು ಒಳಮುಖ ಮುಟ್ಟುವ ಹೊತ್ತಿಗೆ ಹೊರಗೆ ತಂಪಾಗಿರುತ್ತದೆ. ಮಂಗಳೂರು, ಉಡುಪಿಯಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ಬೇಸಿಗೆಯ ರಾತ್ರಿಯೂ ಬೆವರಿಳಿಯುತ್ತದೆ, ಗೋಡೆಗೆ ತಣಿಯಲು ಪುರಸೊತ್ತೇ ಸಿಗುವುದಿಲ್ಲ. ಕರಾವಳಿಯ ಮನೆಗೆ ಬೇಕಾದದ್ದು ಗಾಳಿ: ಎದುರುಬದುರು ಕಿಟಕಿ, ಗೋಡೆಗೆ ನೆರಳಾಗುವಂತೆ ಮುಂದೆ ಚಾಚಿದ ಮಾಡು. ಕೆಂಪುಕಲ್ಲಿನ ಗೋಡೆ ಅಲ್ಲಿ ಒಳ್ಳೆಯ ಆಯ್ಕೆಯೇ, ಆದರೆ ಅದು ಹತ್ತಿರದಲ್ಲೇ ಸಿಗುವ, ಸುಡಬೇಕಿಲ್ಲದ ಕಲ್ಲು ಎಂಬ ಕಾರಣಕ್ಕೆ.

“ಎಎಸಿ ಬ್ಲಾಕ್ ಹಾಕಿದರೆ ಸೆಕೆಯ ಚಿಂತೆ ಮುಗಿಯಿತು.”

ಎಎಸಿ ಎಂದರೆ ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್. ಗೋಡೆಯ ಮಟ್ಟಿಗೆ ಈ ಮಾತಿನಲ್ಲಿ ಸತ್ಯವಿದೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, ಗಾರೆ ಮಾಡಿದ ಒಂಬತ್ತಿಂಚಿನ ಸುಟ್ಟ ಇಟ್ಟಿಗೆ ಗೋಡೆಯ ಪ್ರತಿ ಚದರ ಮೀಟರಿನಿಂದ ಸುಮಾರು 2 ವ್ಯಾಟ್ ಶಾಖ ದಾಟುತ್ತದೆ. ಎಂಟಿಂಚಿನ ಎಎಸಿ ಗೋಡೆಯಲ್ಲಿ ಅದು 1 ವ್ಯಾಟಿಗಿಂತ ಕಡಿಮೆ. ಆದರೆ ಒಂದಂತಸ್ತಿನ ಮನೆಗೆ ಹೆಚ್ಚು ಬಿಸಿಲು ಬೀಳುವುದು ತಲೆಯ ಮೇಲೆ, ಬೆಳಗಿನಿಂದ ಸಂಜೆಯವರೆಗೆ. ಬರೀ ಆರ್‌ಸಿಸಿ ಚಾವಣಿಯಲ್ಲಿ ಇದೇ ಅಳತೆ 3 ವ್ಯಾಟ್ ಮೀರುತ್ತದೆ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ರೂಪಿಸಿದ ಇಕೋ ನಿವಾಸ್ ಸಂಹಿತೆ ಚಾವಣಿಗೆ 1.2 ವ್ಯಾಟಿನ ಮಿತಿ ಹಾಕಿದೆ. ಗೋಡೆಗೆ ದುಬಾರಿ ಬ್ಲಾಕ್ ತಂದು ತಾರಸಿಯನ್ನು ಬರಿದಾಗಿ ಬಿಡುವುದನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ. ಸ್ಲ್ಯಾಬಿನ ಮೇಲೆ ಶಾಖನಿರೋಧಕ ಪದರ, ಅದರ ಮೇಲೆ ಬಿಳಿ ಟೈಲ್ಸ್ ಚೂರು ಇದ್ದರೆ ಮೇಲಿನ ಕೋಣೆಯಲ್ಲಿ ಮಲಗುವವರಿಗೆ ಅದರ ಗುಣ ಮೊದಲ ಬೇಸಿಗೆಯಲ್ಲೇ ತಿಳಿಯುತ್ತದೆ.

ಪಡುವಣ ಕಿಟಕಿಯದು ಇನ್ನೊಂದು ತೊಂದರೆ. ಸಂಜೆಯ ಸೂರ್ಯ ಕೆಳಗಿಳಿದಿರುವುದರಿಂದ ಸಜ್ಜೆ ಅವನನ್ನು ತಡೆಯದು. ಆ ಬದಿಗೆ ಮೆಟ್ಟಿಲನ್ನೋ ಬಚ್ಚಲನ್ನೋ ಉಗ್ರಾಣವನ್ನೋ ಇಡಿ, ಅಥವಾ ಒಂದು ಹೊಂಗೆ ಗಿಡಕ್ಕೆ ಜಾಗ ಬಿಡಿ.

“ಹಾಲೋ ಬ್ಲಾಕಿನೊಳಗೆ ಗಾಳಿಯಿದೆ, ಶಾಖ ದಾಟದು.”

ಗಾಳಿ ಇದ್ದರೆ ಸಾಲದು, ಅದು ಅಲುಗಾಡದೆ ಇರಬೇಕು. ದೊಡ್ಡ ಪೊಳ್ಳಿನಲ್ಲಿ ಗಾಳಿ ಸುತ್ತುತ್ತದೆ, ಅಕ್ಕಪಕ್ಕದ ಕಾಂಕ್ರೀಟ್ ಪಟ್ಟಿಗಳೂ ಶಾಖ ಸಾಗಿಸುತ್ತವೆ. ಗಟ್ಟಿ ಸಿಮೆಂಟ್ ಬ್ಲಾಕಿಗಿಂತ ತುಸು ಮೇಲು, ಅಷ್ಟೆ. ಎಎಸಿಯಲ್ಲಿ ಗಾಳಿ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಬಿದ್ದಿರುವುದರಿಂದಲೇ ಅದಕ್ಕೆ ಆ ಗುಣ.

“ಮಣ್ಣಿನ ಗೋಡೆ ಮಳೆಗೆ ಕರಗುತ್ತದೆ.”

ಹಸಿ ಮಣ್ಣಿನ ಗೋಡೆಗೆ ಈ ಮಾತು ಹೊಂದುತ್ತದೆ. ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಡ್ ಬ್ಲಾಕಿಗೆ ಹೊಂದದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಹಳ್ಳಿಗಳಿಗೆ ಒದಗುವ ತಂತ್ರಜ್ಞಾನ ಅದರ ಗುರಿ. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಈ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಈ ಇಬ್ಬರೂ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಶೇ. 6ರಷ್ಟು ಸಿಮೆಂಟ್ ಇರುವ ಮಣ್ಣಿನ ಬ್ಲಾಕಿನ ಗೋಡೆಯನ್ನು ಮಾಡಲು ತಗಲುವ ಶಕ್ತಿ, ಅಷ್ಟೇ ಗಾತ್ರದ ಸುಟ್ಟ ಇಟ್ಟಿಗೆ ಗೋಡೆಯದರ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಗೂಡಿನಲ್ಲಿ ಸುಡುವ ಕೆಲಸವೇ ಇಲ್ಲವಲ್ಲ! ಮನೆಯ ಕರೆಂಟ್ ಬಿಲ್ಲಿನಲ್ಲಿ ಈ ಉಳಿತಾಯ ಕಾಣಿಸುವುದಿಲ್ಲವಾದ್ದರಿಂದ ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಷರತ್ತುಗಳಿವೆ. ಮಣ್ಣಿನಲ್ಲಿ ಮರಳಿನ ಅಂಶ ಹೆಚ್ಚಿರಬೇಕು. ಎರೆ ಮಣ್ಣು ಹಾಗೇ ನಡೆಯದು, ಒಣಗಿದಾಗ ಬಿರಿಯುತ್ತದೆ. ಬ್ಲಾಕುಗಳಿಗೆ ಮೂರು ವಾರ ನೀರುಣಿಸಲೇಬೇಕು. ಗೋಡೆಯ ಬುಡಕ್ಕೆ ಮಳೆನೀರು ಸಿಡಿಯದಂತೆ ಪಾಯ ಎತ್ತರಿಸಿ, ಮೇಲೆ ಚಾಚು ಕೊಡಬೇಕು. ಶಾಖ ತಡೆಯುವುದರಲ್ಲಿ ಇದು ಎಎಸಿಗೆ ಸಮನಲ್ಲ ಎಂಬುದೂ ನೆನಪಿರಲಿ. ಬೆಂಗಳೂರು, ಮೈಸೂರಿನ ಹದವಾದ ಹವೆಗೆ ಆ ಕೊರತೆ ದೊಡ್ಡದಾಗದು.

“ಐದು ಸ್ಟಾರ್ ಗೀಸರ್ ಕಡಿಮೆ ಕರೆಂಟಿನಲ್ಲಿ ನೀರು ಕಾಯಿಸುತ್ತದೆ.”

ಕಾಯಿಸುವುದಕ್ಕೆ ಎಲ್ಲ ಗೀಸರಿಗೂ ಹೆಚ್ಚುಕಮ್ಮಿ ಅಷ್ಟೇ ಕರೆಂಟ್ ಬೇಕು. 20 ಲೀಟರ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್ಟಿನಷ್ಟು. ಟ್ಯಾಂಕ್ ಇರುವ ಗೀಸರಿನ ಸ್ಟಾರ್ ಹೇಳುವುದು, ಕಾದ ನೀರು ಸುಮ್ಮನೆ ನಿಂತಾಗ ಎಷ್ಟು ಶಾಖ ಸೋರುತ್ತದೆ ಎಂಬುದನ್ನು. ದಿನವಿಡೀ ಸ್ವಿಚ್ ಹಾಕಿಡುವ ಮನೆಗೆ ಆ ಸ್ಟಾರ್ ದುಡ್ಡು ಉಳಿಸುತ್ತದೆ. ಸ್ನಾನಕ್ಕೆ ಮುಂಚೆ ಹಾಕಿ ಆಮೇಲೆ ಆರಿಸುವವರಿಗೆ ಅಷ್ಟಾಗಿ ಇಲ್ಲ.

“ಸೋಲಾರ್ ಹಾಕಿಸಿದ್ದೇವೆ, ಬಿಸಿನೀರು ಪುಕ್ಕಟೆ.”

ತಾರಸಿಯ ಟ್ಯಾಂಕಿನಿಂದ ಕೆಳಗಿನ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು 20 ಮೀಟರ್ ಬಂದರೆ ಅದರಲ್ಲಿ ಸುಮಾರು 5 ಲೀಟರ್ ನೀರು ನಿಂತಿರುತ್ತದೆ. ಬೆಳಿಗ್ಗೆ ಬಿಸಿನೀರು ಬರುವವರೆಗೆ ಅಷ್ಟೂ ತಣ್ಣೀರು ಚರಂಡಿಗೆ, ಎರಡು ಬಚ್ಚಲಿದ್ದರೆ ಅದರ ಎರಡರಷ್ಟು. ಟ್ಯಾಂಕರ್ ನೀರಿಗೆ ಕಾಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಬಚ್ಚಲುಗಳನ್ನು ಒಂದರ ಮೇಲೊಂದು, ಟ್ಯಾಂಕಿನ ನೇರ ಕೆಳಗೆ ಇಟ್ಟು, ಬಿಸಿನೀರಿನ ಪೈಪಿಗೆ ಶಾಖ ಸೋರದ ಹೊದಿಕೆ ಹಾಕಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಮೋಡದ ದಿನಕ್ಕೆಂದು ಟ್ಯಾಂಕಿನಲ್ಲಿ ಇಡುವ ಕಾಯಿಲನ್ನು ಸದಾ ಚಾಲೂ ಬಿಡಬಾರದು. ರಾತ್ರಿಯೇ ಅದು ನೀರು ಕಾಯಿಸಿಟ್ಟರೆ ಮರುದಿನದ ಬಿಸಿಲಿಗೆ ಕೆಲಸವಿರುವುದಿಲ್ಲ. ಬೋರ್‌ವೆಲ್‌ನ ಗಡಸು ನೀರಿದ್ದರೆ ತಾಮ್ರದ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಅಂಥ ಕಡೆ ಗಾಜಿನ ಟ್ಯೂಬಿನ ಸೋಲಾರ್ ಹೆಚ್ಚು ಬಾಳುತ್ತದೆ.

“ಹಂಡೆ ಒಲೆ ಹಳೆಯ ಕಾಲದ್ದು, ಹೊಸ ಮನೆಗೆ ಬೇಡ.”

ಮಲೆನಾಡಿನಲ್ಲಿ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದು, ಕರೆಂಟೂ ನಂಬುವಂತಿಲ್ಲ. ತೋಟದ ಮನೆಯಲ್ಲಿ ಅಡಿಕೆ ಸೋಗೆ, ತೆಂಗಿನ ಮಟ್ಟೆಗೆ ಬರವಿಲ್ಲ. ಕಷ್ಟವೆಲ್ಲ ಹೊಗೆಯದು, ಅದರಲ್ಲೂ ಒಲೆಯ ಮುಂದೆ ಕೂರುವ ಹೆಂಗಸರದು. ಒಲೆಯ ಬಾಯಿ ಮನೆಯ ಹೊರಬದಿಗೆ ತೆರೆದಿರಲಿ, ಬೆಂಕಿಯ ಕೆಳಗೆ ಗಾಳಿಯಾಡುವ ಸರಳು ಇರಲಿ, ಹೊಗೆ ಕೊಳವೆ ಮಾಡಿಗಿಂತ ಎತ್ತರಕ್ಕೆ ಹೋಗಲಿ. ಬೇಸಿಗೆಗೆ ಸೋಲಾರ್, ಮಳೆಗಾಲಕ್ಕೆ ಹಂಡೆ ಎಂದು ಎರಡಕ್ಕೂ ನಕ್ಷೆಯಲ್ಲೇ ಜಾಗ ಬಿಟ್ಟರೆ ಗೀಸರಿಗೆಂದು ತಂತಿ ಎಳೆಸುವ ಅಗತ್ಯವೂ ಬೀಳದು.