ಸಂಗ್ರಾಹಕನಿಲ್ಲದ ಗ್ಯಾರೇಜು

ಮಠದ ಪಾಠಶಾಲೆಯಲ್ಲಿ ಓಲೆಗರಿಯ ಕಟ್ಟುಗಳ ನಡುವೆ ಬೆಳೆದ ನಮಗೆ, ವಿದ್ವಾಂಸರೊಬ್ಬರು ಲಿಂಗೈಕ್ಯರಾದ ತರುವಾಯ ಅವರು ಕೂಡಿಟ್ಟ ಕಟ್ಟುಗಳು ದಿಕ್ಕಿಗೊಂದಾಗಿ ಚದುರುವ ಸಂಗತಿ ಹೊಸದಲ್ಲ. ಅಮೆರಿಕದ ಒಬ್ಬ ಗೃಹಸ್ಥರ ಹಳೆಯ ಕಾರುಗಳಿಗೂ ಇದೇ ಗತಿಯೊದಗಿದ ವೃತ್ತಾಂತವನ್ನು ಓದಿದಾಗ, ಯಂತ್ರಗಳ ವಿಷಯದಲ್ಲಿ ಹೆಚ್ಚೇನೂ ಅರಿಯದ ನಮ್ಮ ಮನಸ್ಸೂ ಕಲಕಿತು.

ವಿಲಿಯಂ ಹ್ಯಾರಾ (1911–1978) ನೆವಾಡ ರಾಜ್ಯದ ರೀನೋ ಪಟ್ಟಣದಲ್ಲಿ ಜೂಜುಗೃಹಗಳನ್ನು ನಡೆಸಿ ಸಿರಿವಂತರಾದವರು. ಆ ಸಂಪಾದನೆಯ ಮಾರ್ಗವನ್ನು ನಾವು ಮೆಚ್ಚಲಾರೆವು. ಸಂಪಾದಿಸಿದ್ದನ್ನು ವಿನಿಯೋಗಿಸಿದ ಶ್ರದ್ಧೆಯನ್ನು ಮಾತ್ರ ಅಲ್ಲಗಳೆಯಲಾಗದು. ಸುಮಾರು 1,400 ಕಾರುಗಳನ್ನು ಕೂಡಿಸಿದ್ದಲ್ಲದೆ, ಅವನ್ನು ಸರಿಪಡಿಸಲು ಕಾರ್ಯಾಗಾರವನ್ನೂ, ಪ್ರತಿಯೊಂದು ಕಾರು ಕಾರ್ಖಾನೆಯಿಂದ ಹೊರಟ ದಿನ ಹೇಗಿದ್ದಿತೆಂದು ಶೋಧಿಸಲು ಗ್ರಂಥಾಲಯವನ್ನೂ ಕಟ್ಟಿದರು.

ಆ ಸಂಗ್ರಹದ ಕಿರೀಟಪ್ರಾಯವಾದ ಕಾರು ಬುಗಾಟ್ಟಿ ರೊಯಾಲ್ 'ಬರ್ಲೀನ್ ದ ವಾಯಾಜ್'. ಬರ್ಲೀನ್ ಎಂಬುದು ಮೊದಲು ಕುದುರೆ ಸಾರೋಟಿನ ಹೆಸರು. ಮುಂದೆ ಫ್ರೆಂಚರು ಸೆಡಾನ್ ಕಾರನ್ನೂ ಹಾಗೆಯೇ ಕರೆದರು. ಈ ಕಾರಿನ ಮೈಕಟ್ಟಿನಲ್ಲಿಯೂ ಸಾರೋಟಿನ ಛಾಯೆ ನಿಚ್ಚಳವಾಗಿದೆ. ಎತ್ತೊರೆ ಬುಗಾಟ್ಟಿಯವರು ರಾಜಮಹಾರಾಜರನ್ನು ಮನಸ್ಸಿನಲ್ಲಿಟ್ಟು 25 ರೊಯಾಲ್‌ಗಳನ್ನು ನಿರ್ಮಿಸಬೇಕೆಂದಿದ್ದರು. ಎಂಟು ಸಿಲಿಂಡರು, ಹನ್ನೆರಡು ಲೀಟರಿಗೂ ಮಿಕ್ಕಿದ ಎಂಜಿನು, ಮೂರು ಟನ್ನಿನಷ್ಟು ತೂಕ! ಮೂತಿಯ ಮೇಲೆ ಸೊಂಡಿಲೆತ್ತಿದ ಆನೆ. ಅದು ಎತ್ತೊರೆಯವರ ತಮ್ಮ, ಶಿಲ್ಪಿ ರೆಂಬ್ರಾಂಟ್ ಬುಗಾಟ್ಟಿಯ ಕೃತಿ. ಆರ್ಥಿಕ ಮುಗ್ಗಟ್ಟು ಬಂದೆರಗಿತು. ಆರು ಕಾರುಗಳಷ್ಟೇ ಸಿದ್ಧವಾಗಿ, ಅವುಗಳಲ್ಲಿ ಮೂರು ಮಾತ್ರ ಮಾರಾಟವಾದವು. ಮಿಕ್ಕ ಎಂಜಿನುಗಳನ್ನು ರೈಲುಬಂಡಿಗೆ ಹೂಡಿದರು.

ಮಾರಾಟವಾಗದೆ ಉಳಿದವುಗಳಲ್ಲಿ ಈ ಬರ್ಲೀನ್ ಒಂದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರ ಕಣ್ಣಿಗೆ ಬೀಳದಿರಲೆಂದು ಮನೆಯವರು ಎರ್ಮೆನೊನ್‌ವಿಲ್‌ನಲ್ಲಿ ಗೋಡೆ ಕಟ್ಟಿಸಿ ಇದನ್ನು ಅದರ ಹಿಂದೆ ಬಚ್ಚಿಟ್ಟಿದ್ದರಂತೆ. 1950ರಲ್ಲಿ ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ ಎಂಬ ಅಮೆರಿಕನ್ನರು ಎರಡು ರೊಯಾಲ್‌ಗಳನ್ನು ಕೊಂಡಾಗ ಹಣದೊಡನೆ ರೆಫ್ರಿಜರೇಟರುಗಳನ್ನೂ ತೆತ್ತರೆಂದು ಹೇಳುತ್ತಾರೆ. ಅರಸರಿಗೆಂದು ಹುಟ್ಟಿದ ವಾಹನಕ್ಕೆ ತಂಗಳು ಕಾಯುವ ಪೆಟ್ಟಿಗೆಯ ವಿನಿಮಯ! ಕೈಯಿಂದ ಕೈಗೆ ದಾಟಿ ಬರ್ಲೀನ್ ಹ್ಯಾರಾ ಅವರಲ್ಲಿ ನೆಲೆಸಿತು.

1978ರಲ್ಲಿ ಹ್ಯಾರಾ ಹೃದಯದ ಶಸ್ತ್ರಚಿಕಿತ್ಸೆಯ ವೇಳೆ ತೀರಿಕೊಂಡರು. ಕಾರೊಂದೊಂದರ ಮೊಳೆ-ತಿರುಪುಗಳ ಲೆಕ್ಕವಿಟ್ಟ ಮಹನೀಯರು ತಮ್ಮ ತರುವಾಯ ಸಂಗ್ರಹವು ಇಡಿಯಾಗಿ ಉಳಿಯುವಂತೆ ಭದ್ರವಾದ ಕಟ್ಟುಪಾಡು ಮಾಡಿರಲಿಲ್ಲ. 1980ರಲ್ಲಿ ಹಾಲಿಡೇ ಇನ್ ಸಂಸ್ಥೆಯು ಅವರ ಕಂಪನಿಯನ್ನು ಕೊಂಡಾಗ, ಮನೆಯೊಡನೆ ಪಾತ್ರೆಪರಡಿ ಹೋಗುವಂತೆ ಕಾರುಗಳೂ ಹೋದವು. 1984, 1985, 1986ರಲ್ಲಿ ಹರಾಜುಗಳು ನಡೆದವು. ಕೊನೆಯ ವರ್ಷ ಬರ್ಲೀನ್ 65 ಲಕ್ಷ ಡಾಲರಿಗೆ ಬಿಕರಿಯಾಯಿತು. ಕೊಂಡವರು ಕೆಲವೇ ಕಾಲದಲ್ಲಿ ಡಾಮಿನೋಸ್ ಪಿಜ್ಜಾ ಸಂಸ್ಥಾಪಕ ಟಾಮ್ ಮೊನಾಗನ್ ಅವರಿಗೆ 81 ಲಕ್ಷಕ್ಕೆ ದಾಟಿಸಿದರು. ಅದರ ಮಗ್ಗುಲಲ್ಲಿದ್ದ ಇನ್ನೊಂದು ರೊಯಾಲ್ ಬೇರೊಬ್ಬರ ಪಾಲಾಯಿತು.

ಮಾರುವ ಸುದ್ದಿ ಹಬ್ಬಿದಾಗ ರೀನೋದ ಜನ ಸುಮ್ಮನಿರಲಿಲ್ಲ. ಅವರ ಒತ್ತಾಯದ ಫಲವಾಗಿ ಸುಮಾರು 175 ಕಾರುಗಳೂ ಆ ಗ್ರಂಥಾಲಯವೂ ಒಂದು ಪ್ರತಿಷ್ಠಾನಕ್ಕೆ ದಾನವಾಗಿ ಸಂದು, 1989ರಲ್ಲಿ ವಸ್ತುಸಂಗ್ರಹಾಲಯವು ತೆರೆಯಿತು. 1908ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸಿನವರೆಗಿನ ಪಂದ್ಯವನ್ನು ಗೆದ್ದ ಥಾಮಸ್ ಫ್ಲೈಯರ್ ಅಲ್ಲಿಯೇ ಉಳಿಯಿತು. ಅಂದು ಅದನ್ನು ನಡೆಸಿದ್ದ ಜಾರ್ಜ್ ಶುಸ್ಟರ್, 90 ದಾಟಿದ ವಯಸ್ಸಿನಲ್ಲಿ ಹ್ಯಾರಾ ಅವರ ಕಾರ್ಯಾಗಾರಕ್ಕೆ ಬಂದು, ಇದು ತಮ್ಮದೇ ಕಾರೆಂದು ಗುರುತು ಹಿಡಿದಿದ್ದರು.